ಆರರ ಗಾಡಿಯಲ್ಲಿ ನಾಲ್ಕರ ಇಂಜಿನ್ನು

ಹಾನಗಲ್ಲಿನಲ್ಲಿ ದವಾಖಾನೆ ತೆರೆದ ಎರಡನೆಯ ವರ್ಷ ನಾನೊಂದು ಹಳೆಯ ಮೋಟಾರು ಕೊಂಡೆ. ಯುದ್ಧ ನಡೆದಿದ್ದ ಕಾಲ. ಪೆಟ್ರೋಲು ಕೂಪನ್ನಿನ ಮೇಲೆ ಸಿಗುತ್ತಿತ್ತು. ಡಾಕ್ಟರರಿಗೆ ಸ್ವಲ್ಪ ಹೆಚ್ಚು ಕೊಡುತ್ತಿದ್ದರು. ಅಲ್ಲಿಯವರೆಗೆ ನಾನು ಸೈಕಲ್ಲಿನ ಮೇಲೆ ತಿಳವಳ್ಳಿಯವರೆಗೂ ಹೋಗಿ ಬರುತ್ತಿದ್ದೆ. ಮಳೆಗಾಲದಲ್ಲಿ ಮಣ್ಣು ಗಾಲಿಗೆ ಮೆತ್ತಿಕೊಂಡರೆ ಸೈಕಲ್ಲನ್ನೇ ಹೆಗಲ ಮೇಲೆ ಹೊತ್ತು ನಡೆಯಬೇಕಾಗುತ್ತಿತ್ತು. ಹಾಗೆ ಹೊತ್ತು ನಡೆದ ಒಂದು ದಿನ ನಾನು ತಲುಪುವಷ್ಟರಲ್ಲಿ ಬಾಣಂತಿ ತೀರಿಕೊಂಡಿದ್ದಳು. ಆಮೇಲೆ ಮೋಟಾರಿನ ಯೋಚನೆ ನನ್ನ ತಲೆಯಿಂದ ಹೋಗಲಿಲ್ಲ.

ಅಪ್ಪನಿಗೆ ಇದು ಬೇಕಿರಲಿಲ್ಲ. ಅವರು ಸಂಸ್ಕೃತ ಓದಿದವರು, ಊರೂರಿನ ಶಿಲಾಶಾಸನಗಳ ಅಕ್ಷರಗಳನ್ನು ಕಾಗದದ ಮೇಲೆ ಮಸಿಯಿಂದ ಪಡಿಯಚ್ಚು ತೆಗೆದು ಓದುತ್ತ ಅರ್ಧ ಆಯುಷ್ಯ ಕಳೆದವರು. "ನಡದ ಹೋಗೋ ಡಾಕ್ಟರ ಮ್ಯಾಲೆ ಮಂದೀಗೆ ನಂಬಿಗಿ ಇರ್ತದ" ಎಂದಷ್ಟೇ ಹೇಳಿದ್ದರು.

ಗಾಡಿ ಸವಣೂರಿನ ವೃದ್ಧ ಸಾಹೇಬರೊಬ್ಬರದು. ಕಣ್ಣಿಗೆ ಪೊರೆ ಬಂದು ಅವರು ಹೊರಗೆ ತಿರುಗುವುದನ್ನು ಬಿಟ್ಟಿದ್ದರು. ಕ್ಯಾನ್ವಾಸ್ ಮಾಡಿನ, ನಾಲ್ಕು ಮಂದಿ ಕೂಡುವ ಗಾಡಿ. ಹಿತ್ತಾಳೆಯ ದೀಪಗಳು ಬಂಗಾರದಂತೆ ಹೊಳೆಯುತ್ತಿದ್ದವು. "ಆರು ಸಿಲಿಂಡರಿಂದು ಡಾಕ್ಟರ್ ಸಾಬ್. ನೀರಿನ ಮ್ಯಾಲೆ ಹೊಂಟಂಗ ಹೋಗ್ತೈತಿ" ಎಂದು ಸಾಹೇಬರು ಹೆಮ್ಮೆಯಿಂದ ಹೇಳಿದರು. ನನಗೆ ಗಾಡಿ ನಡೆಸಲು ಬರುತ್ತಿರಲಿಲ್ಲ. ಇಪ್ಪತ್ತು ವರ್ಷದಿಂದ ತಮ್ಮಲ್ಲಿದ್ದ ಡ್ರೈವರನನ್ನು ಅವರೇ ನನ್ನ ಜೊತೆ ಕಳಿಸಿದರು. ಮದರಂಗಿ ಹಚ್ಚಿದ ಗಡ್ಡದ, ಮಾತು ಕಡಿಮೆಯ ಮನುಷ್ಯ. ಒಂದು ವಾರ ಹಾನಗಲ್ಲಿನಲ್ಲಿದ್ದು ನನಗೆ ಕಲಿಸಿ ಅವನು ತಿರುಗಿ ಬರಬೇಕೆಂದು ಮಾತಾಗಿತ್ತು.

ಸವಣೂರು ಆಗ ಸಂಸ್ಥಾನ. ಅಲ್ಲಿಯ ಗಾಡಿ ಧಾರವಾಡ ಜಿಲ್ಲೆಯೊಳಗೆ ಓಡಬೇಕಾದರೆ ಹೊಸದಾಗಿ ನೋಂದಣಿಯಾಗಬೇಕು, ಆ ಕೆಲಸ ಪೊಲೀಸರ ಕೈಯಲ್ಲಿತ್ತು. ಹೇಗೂ ಶಿಗ್ಗಾವಿಯ ಮೇಲೆಯೇ ದಾರಿ, ಹೋಗುವಾಗಲೇ ಮುಗಿಸಿಬಿಡೋಣ ಎಂದು ಠಾಣೆಯ ಮುಂದೆ ಗಾಡಿ ನಿಲ್ಲಿಸಿದೆವು.

ಫೌಜದಾರರು ಹೊರಗೆ ಬಂದರು. ನಲವತ್ತರ ಆಸುಪಾಸಿನ, ದನಿ ಏರಿಸದೆ ಮಾತಾಡುವ ಮನುಷ್ಯ. ಗಾಡಿಯ ಪುಸ್ತಕ ಇಸಿದುಕೊಂಡು ಬಾನೆಟ್ಟು ಎತ್ತಿಸಿದರು. ಬೆತ್ತದ ತುದಿಯಿಂದ ಪ್ಲಗ್ಗುಗಳನ್ನು ಒಂದೊಂದಾಗಿ ಮುಟ್ಟಿದರು.

"ಒಂದು, ಎರಡು, ಮೂರು, ನಾಲ್ಕು. ಪುಸ್ತಕದಾಗ ಆರು ಅಂತ ಬರದೈತಿ. ಇನ್ನೆರಡು ಎಲ್ಲದಾವ್ರಿ, ಡಾಕ್ಟರ್ರ?"

ಚೇಷ್ಟೆ ಮಾಡುತ್ತಿದ್ದಾರೆಂದುಕೊಂಡು ನಾನು ನಕ್ಕೆ. ಅವರು ನಗಲಿಲ್ಲ. ಬಗ್ಗಿ ನೋಡಿದೆ. ಇಂಜಿನ್ನಿನ ಮುಂದೆ ಒಂದು ಗೇಣು ಜಾಗ ಖಾಲಿ ಬಿದ್ದಿತ್ತು. ಇಂಜಿನ್ನು ಕೂಡಿಸಿದ್ದ ಕಡೆ ಕೆಳಗೆ ಎರಡು ಸಾಗವಾನಿ ತುಂಡುಗಳನ್ನು ಕೊಟ್ಟು ಬೋಲ್ಟು ಬಿಗಿದಿದ್ದರು. ಯಾವುದೋ ಗಾಡಿಯ ಇಂಜಿನ್ನನ್ನು ತಂದು ಇದರ ಹೊಟ್ಟೆಗೆ ಹೊಂದಿಸಿದ್ದು ನನಗೂ ಕಾಣುವಂತಿತ್ತು.

ಫೌಜದಾರರು ಪಕ್ಕಕ್ಕೆ ಹೋಗಿ, ನಂಬರು ಹೊಡೆದಿರುವ ಚೌಕಾಕಾರದ ಉಬ್ಬನ್ನು ಬೆರಳಿನಿಂದ ಒರೆಸಿದರು. ಅಲ್ಲಿ ನಂಬರಿರಲಿಲ್ಲ. ಕಬ್ಬಿಣ ಸಪಾಟಾಗಿತ್ತು.

"ಹ್ವಾದ ತಿಂಗಳು ರೈಲಿನ ವ್ಯಾಗನ್ನಿನಾಗಿಂದ ಮಿಲಿಟರಿ ಲಾರಿ ಇಂಜಿನ್ನು ಒಂದು ಕಳುವಾಗೇತಿ. ಗೊತ್ತೈತೇನ್ರಿ ನಿಮಗ?"

"ಇಲ್ರಿ. ನಾ ಇದನ್ನ ಇವತ್ತ ಮುಂಜಾನಿ ಕೊಂಡೇನಿ."

"ಇರಬೌದ್ರಿ." ಅವರು ಪುಸ್ತಕ ಮುಚ್ಚಿ ತಮ್ಮ ಕಿಸೆಯಲ್ಲಿಟ್ಟುಕೊಂಡರು. "ಹಾನಗಲ್ಲಾಗ ನಿಮ್ಮ ದವಾಖಾನಿಗೆ ಯಾರ್ಯಾರ ಬಂದ ಹೋಗ್ತಾರ ಅನ್ನೂದೂ ನನಗ ಗೊತ್ತೈತಿ. ಅದನ್ನೂ ನಾ ಇಲ್ಲೀತನಕ ಕೇಳಿಲ್ಲ."

ಚಳವಳಿಯಲ್ಲಿ ತಂತಿ ಕತ್ತರಿಸಿ ತಲೆಮರೆಸಿಕೊಂಡಿದ್ದ ಒಬ್ಬನ ತೊಡೆಯ ಗಾಯವನ್ನು ಎರಡು ತಿಂಗಳ ಹಿಂದೆ ನಾನು ಹೊಲಿದಿದ್ದೆ. ಅವನ ಹೆಸರು ಕೇಳಿರಲಿಲ್ಲ, ಯಾರಿಗೂ ಹೇಳಿರಲಿಲ್ಲ. ಈಗ ಗಾಡಿಯ ನೆಪದಲ್ಲಿ ದವಾಖಾನೆಯ ಶೋಧ ನಡೆದರೆ, ಯಾರಾದರೂ ಬಾಯಿ ಬಿಟ್ಟರೆ ನಾನು ಹಿಂಡಲಗಿ ಜೈಲಿನಲ್ಲಿರುತ್ತಿದ್ದೆ.

"ಗುರುವಾರದತನಕ ಗಾಡಿ ಇಲ್ಲೇ ಇರ್ತೈತಿ. ಇದು ಯಾವ ಇಂಜಿನ್ನು ಅಂತ ತೋರಿಸ್ರಿ. ಇಲ್ಲಂದ್ರ ಧಾರವಾಡಕ್ಕ ರಿಪೋರ್ಟ್ ಕಳಸ್ತೇನಿ. ಡ್ರೈವರೂ ಇಲ್ಲೇ ಇರ್ಲಿ."

ಅಂದು ಸೋಮವಾರ. ಡ್ರೈವರನನ್ನು ಠಾಣೆಯ ಕಟ್ಟೆಯ ಮೇಲೆ ಕೂಡಿಸಿದರು. "ನಿನಗೇನಾದ್ರೂ ಗೊತ್ತೈತೇನಪ?" ಎಂದು ಕೇಳಿದೆ. ಅವನು ನೆಲ ನೋಡುತ್ತ ಇಲ್ಲವೆಂದು ತಲೆಯಾಡಿಸಿದ.

ಹಿರೇಕೆರೂರಿನಲ್ಲಿ ಬಸ್ಸುಗಳನ್ನೂ ಗಿರಣಿಯ ಇಂಜಿನ್ನುಗಳನ್ನೂ ರಿಪೇರಿ ಮಾಡುವ ಮಿಸ್ತ್ರಿಯೊಬ್ಬನಿದ್ದ. ಅವನ ಮಗಳ ವಿಷಮಜ್ವರ ನನ್ನ ಕೈಯಲ್ಲಿ ವಾಸಿಯಾಗಿತ್ತು. ಹೇಳಿ ಕಳಿಸಿದ್ದಕ್ಕೆ ಮಂಗಳವಾರ ಮಧ್ಯಾಹ್ನವೇ ಇದ್ದಿಲಿನ ಗ್ಯಾಸಿನ ಬಸ್ಸಿನಲ್ಲಿ ಶಿಗ್ಗಾವಿಗೆ ಬಂದ. ಅಂಗಿ ಬಿಚ್ಚಿ ಗಾಡಿಯ ಕೆಳಗೆ ಹೊಕ್ಕ. ಮೇಲಿನಿಂದ ನೋಡಿದ, ಬಡಿದು ಸಪ್ಪಳ ಕೇಳಿದ, ಬಣ್ಣ ಕೆರೆದ. ಒಂದು ತಾಸಿನ ಮೇಲೆ ಕೈ ಒರೆಸಿಕೊಳ್ಳುತ್ತ ಫೌಜದಾರರ ಮುಂದೆ ನಿಂತ.

"ಇದು ಮಿಲಿಟರಿದಲ್ರಿ ಸಾಹೇಬ್ರ. ಹತ್ತ ಹನ್ನೆರಡ ವರ್ಷದ ಹಳೇದು. ಬಣ್ಣದ ಬುಡಕ ಬಸ್ಸಿನ ಕೆಂಪ ಬಣ್ಣ ಐತಿ. ಇಂಥಾವು ಸಣ್ಣ ಬಸ್ಸಿಗೆ ಹಾಕ್ತಿದ್ರು."

"ನಿನ್ನ ಮಾತು ಕಾಗದದ ಮ್ಯಾಲೆ ನಿಲ್ಲೂದಿಲ್ಲ ಮಿಸ್ತ್ರಿ. ನನಗ ನಂಬರ ಬೇಕು."

"ನಂಬರ ಅಳಿಸಿ ಹೋಗೇತ್ರಿ."

"ಅದಕ್ಕ ಕೇಳಾಕತ್ತೇನಿ."

ಸಂಜೆ ಊರಿಗೆ ಮರಳಿದೆ. ನನ್ನ ಮುಖ ನೋಡಿ ಅವ್ವ ಮೊದಲು ಊಟಕ್ಕೆ ಬಡಿಸಿದಳು. ಅಪ್ಪ ಪಡಸಾಲೆಯಲ್ಲಿ ಓದುತ್ತ ಕೂತಿದ್ದರು. ಅವರಿಗೆ ಹೇಳಬಾರದೆಂದುಕೊಂಡಿದ್ದೆ, ಆದರೆ ಹೇಳಿಬಿಟ್ಟೆ. ಗಾಡಿ, ಫೌಜದಾರ, ಜಪ್ತಿ ಇವೆಲ್ಲ ಕೇಳುವಾಗ ಅವರು ಪುಸ್ತಕದಿಂದ ಕಣ್ಣೆತ್ತಲಿಲ್ಲ. ನಂಬರು ಅಳಿಸಿದೆ ಎಂದಾಗ ಎತ್ತಿದರು.

"ಅಳಿಸ್ಯಾರೋ, ಅಳಿಸಿ ಹೋಗ್ಯದೋ?"

"ಗೊತ್ತಿಲ್ಲಪ್ಪ."

"ಎಷ್ಟ ಆಳ ಹೊಡದಿದ್ರಂತ?"

"ಅದೂ ಗೊತ್ತಿಲ್ಲ. ಕಬ್ಬಿಣದ ಮ್ಯಾಲೆ ಉಳಿಯಿಂದ ಹೊಡದಂಗ ಇರ್ತದ."

ಅವರು ಕನ್ನಡಕ ತೆಗೆದು ಮಡಿಸಿದರು. "ಹೊಡದದ್ದು ಪೂರಾ ಹೋಗೂದಿಲ್ಲೋ. ನಾಳೆ ನಾನೂ ಬರ್ತೀನಿ."

ಬುಧವಾರ ಅಪ್ಪ ಠಾಣೆಗೆ ಬಂದರು. ಬಗಲಲ್ಲಿ ಪಡಿಯಚ್ಚಿನ ಸಾಮಾನಿನ ಗಂಟು. ಪಂಚೆ ಕಚ್ಚೆ ಹಾಕಿ, ಶಲ್ಯವನ್ನು ನನ್ನ ಕೈಗೆ ಕೊಟ್ಟು, ಆ ಎಣ್ಣೆಗಟ್ಟಿದ ಇಂಜಿನ್ನಿನ ಮೇಲೆ ಬಗ್ಗಿದರು. ಮನೆಯಲ್ಲಿ ಯಾರದಾದರೂ ನೆರಳು ಸೋಕಿದರೂ ಸ್ನಾನ ಮಾಡುವ ಮನುಷ್ಯ, ಮಿಸ್ತ್ರಿಯ ಕೈಯಿಂದ ಸೀಮೆಎಣ್ಣೆಯ ಅರಿವೆ ಇಸಿದುಕೊಂಡು ಕರಿ ಜಿಡ್ಡು ಒರೆಸಿದರು. ಆಮೇಲೆ ಹುಣಸೆಹಣ್ಣು ಹಚ್ಚಿ ಹಿತ್ತಾಳೆಯ ಪಾತ್ರೆ ಬೆಳಗುವ ಹಾಗೆ ತಿಕ್ಕಿ, ನೀರಿನಿಂದ ತೊಳೆದು ಒಣಗಿಸಿದರು.

ಒದ್ದೆ ಕಾಗದ ಅಂಟಿಸಿ ಕುಂಚದಿಂದ ಬಡಿದರು. ಕಲ್ಲು ನೀರು ಕುಡಿಯುತ್ತದೆ, ಕಬ್ಬಿಣ ಕುಡಿಯುವುದಿಲ್ಲ. ಕಾಗದ ಜಾರಿತು, ಮಸಿ ಹರಡಿ ಎಲ್ಲ ಕಪ್ಪಾಯಿತು. ಎರಡನೆಯ ಸಲವೂ ಹಾಗೇ. ಸುತ್ತ ನಿಂತ ಪೊಲೀಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಫೌಜದಾರರು ಗಡಿಯಾರ ನೋಡಿದರು. ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಡ್ರೈವರ ಕಟ್ಟೆಯಿಂದ ಎದ್ದು ನಿಂತಿದ್ದ. ಅವನ ತುಟಿಗಳು ಅಲುಗುತ್ತಿದ್ದವು.

ಅಪ್ಪ ಕುಂಚವನ್ನೂ ಒದ್ದೆ ಕಾಗದವನ್ನೂ ಬದಿಗಿಟ್ಟರು. ಆಮೇಲೆ ತೆಳ್ಳನೆಯ ಒಣ ಕಾಗದವನ್ನೇ ಇಟ್ಟು, ಮೇಣದಲ್ಲಿ ಕಾಡಿಗೆ ಕಲಸಿದ ಉಂಡೆಯಿಂದ ಹಗುರಾಗಿ, ಮಗುವಿನ ಹಣೆ ಸವರುವಷ್ಟು ಹಗುರಾಗಿ ಉಜ್ಜಿದರು. ಕಪ್ಪಿನ ನಡುವೆ ಬಿಳಿಯ ಎಳೆಗಳು ಎದ್ದವು. ಏನೋ ಒಂದು ಅಂಕಿ. ಅದರ ಪಕ್ಕದಲ್ಲಿ ಮತ್ತೊಂದು.

ಅಷ್ಟರಲ್ಲಿ ಹಳೆಯ ಹವಾಲ್ದಾರನೊಬ್ಬ ಒಳಗಿನಿಂದ ಧೂಳು ಹಿಡಿದ ಕಡತ ತಂದ. ಮಿಸ್ತ್ರಿ ಕೆಂಪು ಬಣ್ಣ ಎಂದಾಗಿನಿಂದ ಅವನಿಗೆ ದುಂಡಸಿಯ ಹತ್ತಿರ ಹಳ್ಳಕ್ಕೆ ಬಿದ್ದ ಬಸ್ಸಿನ ನೆನಪು ಕಾಡುತ್ತಿತ್ತಂತೆ. ಅದರ ಪಂಚನಾಮೆಯನ್ನು ಹುಡುಕಿ ತೆಗೆದಿದ್ದ. ಫೌಜದಾರರು ಅದನ್ನು ತೆರೆದು ತಾವೊಬ್ಬರೇ ಓದಿ ಎದೆಗೆ ಒತ್ತಿ ಹಿಡಿದರು.

"ಇದರಾಗ ಆ ಬಸ್ಸಿನ ಇಂಜಿನ್ನಿನ ನಂಬರ ಐತಿ. ನೀವು ಮೊದಲ ಓದ್ರಿ ಆಚಾರ್ಯರ. ಆಮ್ಯಾಲೆ ನಾ ತೋರಸ್ತೇನಿ."

ಅಪ್ಪ ಕಾಗದವನ್ನು ಬಿಸಿಲಿಗೆ ಹಿಡಿದರು. "ಏಳು. ಸೊನ್ನಿ. ನಾಕು. ಕಡೀದು ಎರಡು." ನಿಲ್ಲಿಸಿದರು. "ಅವೆರಡರ ನಡುವಿಂದು ಒಂದದ. ಮೂರರೆ ಇರಬೇಕು, ಎಂಟರೆ ಇರಬೇಕು."

"ಒಂದ ಹೇಳ್ರಿ."

"ಕಾಣಿಸಿದ್ರ ಹೇಳ್ತೀನಿ."

ನಾನು ಅವರ ಕಿವಿಯ ಹತ್ತಿರ ಬಗ್ಗಿ, "ಅಪ್ಪಾ, ಅಂದಾಜರೆ ಹೇಳ್ರಿ" ಎಂದೆ. ಅವರು ನನ್ನತ್ತ ನೋಡಲೂ ಇಲ್ಲ. ಮಿಸ್ತ್ರಿಗೆ ಹೇಳಿ ಗಾಡಿಯ ಕನ್ನಡಿ ಬಿಚ್ಚಿಸಿದರು. ಅದರಿಂದ ಬಿಸಿಲು ಮೊದಲು ಬಲಗಡೆಯಿಂದ, ಆಮೇಲೆ ಎಡಗಡೆಯಿಂದ ಓರೆಯಾಗಿ ಬೀಳುವಂತೆ ಮಾಡಿಸಿ, ಮೂಗು ಕಬ್ಬಿಣಕ್ಕೆ ತಾಗುವಷ್ಟು ಬಗ್ಗಿ ನೋಡಿದರು. ಎಷ್ಟು ಹೊತ್ತು ನೋಡಿದರೋ ತಿಳಿಯದು.

"ಎಡಕ್ಕ ಗೆರಿ ಇಲ್ಲ. ಮೂರು."

ಫೌಜದಾರರು ಪಂಚನಾಮೆಯನ್ನು ಮೇಜಿನ ಮೇಲೆ ತೆರೆದಿಟ್ಟರು. ಏಳು, ಸೊನ್ನೆ, ನಾಲ್ಕು, ಮೂರು, ಎರಡು.

ನಾನು ಉಸಿರು ಬಿಟ್ಟೆ. ಫೌಜದಾರರು ನಮ್ಮನ್ನು ಇನ್ನೂ ಬಿಟ್ಟಿರಲಿಲ್ಲ. "ಸೈನ್ಯದ್ದಲ್ಲ, ಖರೆ. ಹಂಗಾದ್ರ ನಂಬರ ಯಾಕ ಹೋತು? ಆಚಾರ್ಯರ, ಇದು ತುಕ್ಕು ತಿಂದದ್ದೋ, ಅರ ಹಾಕಿ ತಿಕ್ಕಿದ್ದೋ?"

ಅರದ ಗೆರೆಗಳು ಕಾಗದದ ಮೇಲೆ ನನಗೇ ಕಾಣುತ್ತಿದ್ದವು. ಡ್ರೈವರನ ಮುಖ ಬಿಳಚಿಕೊಂಡಿತ್ತು. ಅಪ್ಪ ಅವನನ್ನೊಮ್ಮೆ ನೋಡಿದರು.

"ಅರ ಹಾಕ್ಯಾರ" ಎಂದರು. "ಯಾರು ಹಾಕಿದ್ರು ಅಂತ ಇದರ ಮ್ಯಾಲೆ ಬರದಿಲ್ಲ. ಬರೀಲಾರದ್ದನ್ನ ನಾ ಓದೂದಿಲ್ಲ."

ಫೌಜದಾರರು ಆ ಕಾಗದವನ್ನು ಪಂಚನಾಮೆಯ ಪಕ್ಕದಲ್ಲಿಟ್ಟರು. ಕೊನೆಗೆ ಟಾಕು ಮಸಿಯಲ್ಲಿ ಅದ್ದಿದರು. "ಇಂಜಿನ್ನು ಬದಲಿ ಆದದ್ದು ತಮಗ ಒಪ್ಪಿಗಿ ಅಂತ ಸವಣೂರ ಸಾಹೇಬ್ರ ಕಡಿಂದ ಕಾಗದ ತರ್ರಿ. ನಾಳೆ ಮಧ್ಯಾಹ್ನದೊಳಗ. ಡ್ರೈವರನ್ನ ಕರಕೊಂಡು ಈ ಗಾಡ್ಯಾಗ ಹೋಗಿ ಬರ್ರಿ."

ಗಾಡಿ ಹತ್ತಿ ಸವಣೂರಿನ ಕಡೆ ಹೊರಟೆವು. ಊರು ದಾಟಿ ಎರಡು ಮೈಲು ಹೋಗಿರಬೇಕು, ಡ್ರೈವರ ಗಾಡಿಯನ್ನು ಜಾಲಿಮರದ ಕೆಳಗೆ ನಿಲ್ಲಿಸಿದ. ಸ್ಟಿಯರಿಂಗ್ ಚಕ್ರದ ಮೇಲೆ ಹಣೆಯಿಟ್ಟು ಹೇಳಿದ. ಸಾಹೇಬರು ಅಜ್ಮೇರಕ್ಕೆ ಹೋಗಿದ್ದ ಬೇಸಿಗೆಯಲ್ಲಿ ಅವನು ರೇಡಿಯೇಟರಿಗೆ ನೀರು ಹಾಕುವುದನ್ನು ಮರೆತು ಗಾಡಿ ಓಡಿಸಿದ್ದ. ಇಂಜಿನ್ನು ಸೀಳಿತು. ಹೆಂಡತಿಯ ಬಂಗಾರ ಮಾರಿ, ಮುರಿದ ಬಸ್ಸಿನ ಇಂಜಿನ್ನು ತಂದು ಕೂಡಿಸಿದ. ಯಾರಾದರೂ ಗುರುತು ಹಿಡಿದಾರೆಂದು ತಾನೇ ಅರ ಹಾಕಿದ.

"ಸಾಹೇಬ್ರಿಗೆ ಹೇಳಬ್ಯಾಡ್ರಿ. ಕಳ್ಳ ಅಂದ್ರ ತಡಕೊಂತೇನಿ. ಮರತೆ ಅನ್ನೂದನ್ನ ಹೆಂಗ ಹೇಳ್ಲಿ? ಅವ್ರು ನನ್ನ ಕೈಯಾಗ ಜೀವಾ ಕೊಟ್ಟ ಕುಂದರ್ತಿದ್ರು."

ಹಿಂದಿನ ಸೀಟಿನಿಂದ ಅಪ್ಪ ಹೇಳಿದರು: "ನಾವು ಹೇಳೂದಿಲ್ಲ. ನೀನ ಹೇಳು."

ಸಾಹೇಬರ ಅಂಗಳದಲ್ಲಿ ಅವನೇ ಹೇಳಿದ. ನಿಂತು, ಕೈ ಕಟ್ಟಿಕೊಂಡು, ಮಧ್ಯ ಮಧ್ಯ ದನಿ ಹೋಗುತ್ತಿದ್ದರೂ ಪೂರ್ತಿ ಹೇಳಿದ. ಸಾಹೇಬರು ಬೈಯುತ್ತಾರೆ, ಹೊರಗೆ ಹಾಕುತ್ತಾರೆ ಎಂದು ನಾನು ಕಾದೆ. ಅವರು ಕೋಲು ಊರಿಕೊಂಡು ಎದ್ದು, ಗಾಡಿಯ ಹತ್ತಿರ ಕರೆದೊಯ್ಯಲು ಕೈ ಚಾಚಿದರು. "ಚಾಲೂ ಮಾಡು" ಎಂದರು. ಇಂಜಿನ್ನು ಚಾಲೂ ಆಯಿತು. ಬಾನೆಟ್ಟಿನ ಮೇಲೆ ಕೈಯಿಟ್ಟು, ತಲೆ ಓರೆ ಮಾಡಿ ಕೇಳಿದರು.

"ಅಜ್ಮೇರದಿಂದ ಬಂದ ಮ್ಯಾಲೆ ಇದರ ಸಪ್ಪಳ ಬ್ಯಾರೆ ಆಗಿತ್ತು. ಕಣ್ಣ ಹೋದಂಗ ಕಿವೀನೂ ಹೊಂಟಾವು ಅಂದ್ಕೊಂಡೆ. ಆರು ವರ್ಷ ಅಂದ್ಕೊಂಡೆ." ಅವರ ದನಿ ಗಡುಸಾಯಿತು. "ಅವತ್ತ ಹೇಳಿದ್ರ ನಾ ಬೈತಿದ್ದೆ. ಅಷ್ಟ ಅಲ್ಲೇನೋ?"

ಅವನು ಮಕ್ಕಳಂತೆ ಅಳುತ್ತಿದ್ದ. ಸಾಹೇಬರು ನನ್ನ ಕಡೆ ತಿರುಗಿ ಕ್ಷಮೆ ಕೇಳಿದರು. ಬೇಡವೆಂದರೆ ಗಾಡಿ ವಾಪಸು ತೆಗೆದುಕೊಳ್ಳುತ್ತೇನೆ ಎಂದರು. ನಾನು ಬೇಡವೆನ್ನಲಿಲ್ಲ. ಕಾಗದ ಬರೆಸಿದೆವು. ಸಹಿ ಮಾಡುವ ಜಾಗಕ್ಕೆ ಅವರ ಬೆರಳನ್ನು ಒಯ್ದು ಇಟ್ಟವನು ಡ್ರೈವರನೇ.

ಮರುದಿನ ಫೌಜದಾರರು ಆ ಕಾಗದ ನೋಡಿ ಪುಸ್ತಕದಲ್ಲಿ ಹೊಸ ನಂಬರು ಬರೆದುಕೊಟ್ಟರು. ದವಾಖಾನೆಯ ಮಾತನ್ನು ಅಂದೂ ಎತ್ತಲಿಲ್ಲ, ಆಮೇಲೂ ಎತ್ತಲಿಲ್ಲ. ಅವರಿಗೆ ನಿಜವಾಗಿ ಎಷ್ಟು ತಿಳಿದಿತ್ತೆಂಬುದು ನನಗೆ ಇಂದಿಗೂ ಗೊತ್ತಿಲ್ಲ.

ಡ್ರೈವರ ಮಾತಿನಂತೆ ಒಂದು ವಾರ ನಮ್ಮಲ್ಲಿದ್ದ. ದಿನಾ ಮುಂಜಾನೆ ಗಾಡಿ ಹತ್ತುವ ಮೊದಲು ನನ್ನಿಂದಲೇ ರೇಡಿಯೇಟರಿನ ಮುಚ್ಚಳ ತೆಗೆಸಿ, ಬೆರಳು ಅದ್ದಿ ನೋಡಲು ಹೇಳುತ್ತಿದ್ದ. ಎಂಟನೆಯ ದಿನ ಸವಣೂರಿನ ಬಸ್ಸು ಹತ್ತಿದ. ನಾನು ಗಾಡಿ ತಿರುಗಿಸಿಕೊಂಡು, ಎರಡು ಸಲ ಇಂಜಿನ್ನು ಬಂದ್ ಬೀಳಿಸಿ, ಒಬ್ಬನೇ ಮನೆ ಸೇರಿದೆ.