ತೆರೆ ಮಲಗುವ ದಂಡೆ

ಬೆಳಕು ಹರಿಯುವ ಹೊತ್ತಿಗೆ ಶಿವಕಾಂತಾ ಹೊಳೆಗೆ ಇಳಿದರೂ ತಕ್ಷಣ ಬಟ್ಟೆಯ ಗಂಟು ಬಿಚ್ಚುವುದಿಲ್ಲ. ಸೊಂಟದ ಮೇಲೆ ಕೈಯಿಟ್ಟು ನೀರು ನೋಡುತ್ತಾ ನಿಲ್ಲುತ್ತಾರೆ. ಆಷಾಢದ ಗಾಳಿಗೆ ಭೀಮೆಯಲ್ಲಿ ತೆರೆಗಳು ಎದ್ದಿವೆ. ಒಂದು ತೆರೆ ಉಸುಕಿನ ಮೇಲೆ ಎಲ್ಲಿಯವರೆಗೆ ಏರಿತೋ ಅಲ್ಲೊಂದು ಹರಳು ಇಡುತ್ತಾರೆ. ಇನ್ನೊಂದು ಅದನ್ನು ದಾಟಿದರೆ ಹರಳನ್ನೂ ಮೇಲಕ್ಕೆ ಸರಿಸುತ್ತಾರೆ. ಯಾವ ತೆರೆಯೂ ದಾಟದಂತಾದ ಮೇಲೆಯೇ ಚಾದರ ಒಣಹಾಕುವ ಜಾಗ ಗೊತ್ತಾಗುವುದು.

ಗಾಣಗಾಪುರಕ್ಕೆ ಬಂದ ಭಕ್ತರು ಲಾಡ್ಜುಗಳಲ್ಲಿ ಮಲಗುವ ಬಿಳಿ ಚಾದರಗಳನ್ನು ಒಗೆಯುವವರು ಇವರು. ದಿನಕ್ಕೆ ಐವತ್ತು ಅರವತ್ತು, ಹುಣ್ಣಿಮೆ ಬಂದರೆ ಅದರ ಎರಡು ಪಟ್ಟು. ನಾಳೆ ಗುರುಪೂರ್ಣಿಮೆ. ಸಂಜೆಯೊಳಗೆ ಎಲ್ಲವೂ ಒಣಗಿ ಮಡಚಿಕೊಂಡು ಕೋಣೆ ಸೇರಬೇಕು.

ಶಿವಕಾಂತಾ ಭೂಸನೂರಿನ ಮಗಳು. ಅಲ್ಲಿ ಒಗೆತವೆಲ್ಲ ಬಾವಿಯ ಮೇಲೆ, ತೆರೆಯ ಗೊಡವೆಯೇ ಇಲ್ಲ. ಮದುವೆಯಾಗಿ ಬಂದ ವರ್ಷ ಹೊಳೆಯ ತಿರುವಿನಲ್ಲಿ ದಂಡೆ ಗೋಡೆಯಂತೆ ಕಡಿದು ನಿಂತ ದರಿಯ ಅಂಚು ಕಣ್ಣಿಗೆ ಬಿತ್ತು. ನೀರಿಗಿಂತ ಆಳೆತ್ತರ ಮೇಲಿದ್ದ ಜಾಗ, ಇಲ್ಲಿಗೆ ನೀರು ಹೇಗೆ ಬಂದೀತು ಎಂದು ಚಾದರ ಹಾಸಿದರು. ಗಾಳಿ ಬೀಸಿತು. ತೆರೆ ದರಿಗೆ ಬಡಿದು, ಕೆಸರು ಸಮೇತ ಮೇಲಕ್ಕೆ ಹಾರಿ, ಬೆಳಗಿನ ಅಷ್ಟೂ ಕೆಲಸವನ್ನು ಕಂದು ಮಾಡಿತು.

ಅತ್ತೆ ನಿಂಬೆವ್ವ ಬೈಯಲಿಲ್ಲ, ನಕ್ಕರು. "ಎತ್ತರ ನೋಡಿ ಮೋಸ ಹೋದೆಲ್ಲಬೇ. ನೀರಿಗಿ ಮಲಗಾಕ ಜಾಗಾ ಕೊಟ್ರ ಮಲಗ್ತದ. ಕೊಡಲಿಲ್ಲಂದ್ರ ಎದ್ದು ನಿಂದರ್ತದ."

ಆಗ ಮಲಗುವ ಜಾಗಕ್ಕೇನು ಬರವಿರಲಿಲ್ಲ. ತಿರುವೊಂದು ಬಿಟ್ಟರೆ ಕಣ್ಣು ಹೋದಷ್ಟು ದೂರ ಇಳಿಜಾರು ಉಸುಕು. ತೆರೆ ಓಡಿ ಬಂದು ತೆಳ್ಳಗಾಗಿ, ದಣಿದು, ಉಸುಕಿನಲ್ಲೇ ಇಂಗುತ್ತಿತ್ತು. ಬೇಸಿಗೆಗೆ ಅದರ ಮೇಲೆ ಕಲ್ಲಂಗಡಿ ಬಳ್ಳಿ. ಅತ್ತೆ-ಸೊಸೆ ಮಧ್ಯಾಹ್ನ ಒಂದು ಹಣ್ಣನ್ನು ಬಂಡೆಗೆ ಒಡೆದು, ಕಾಲು ನೀರಿನಲ್ಲಿಟ್ಟು ತಿನ್ನುತ್ತಿದ್ದರು. "ಬೀಜ ಯಾರು ದೂರ ಉಗುಳ್ತಾರಂತ ಪಂಥಾ ಕಟ್ತಿದ್ದೆವ್ರಿ. ನಮ್ಮತ್ತಿನೇ ಗೆಲ್ತಿದ್ಲು. ಹಲ್ಲಿಲ್ಲದ ಬಾಯಿ ನೋಡ್ರಿ, ಅಡ್ಡ ಏನೂ ಬರತಿರಲಿಲ್ಲ" ಎಂದು ಶಿವಕಾಂತಾ ಈಗಲೂ ನಗುತ್ತಾರೆ.

ಆಮೇಲೆ ಟ್ರ್ಯಾಕ್ಟರುಗಳು ಬಂದವು. ಉಸುಕು ಊರೂರಿನ ಗೋಡೆಗಳಿಗೆ ಹೋಯಿತು, ದಂಡೆ ತುಂಬಾ ದರಿಯೇ ಉಳಿಯಿತು. ನಿಂಬೆವ್ವನ ಒಗೆಯುವ ಬಂಡೆಯ ಸುತ್ತಲಿನ ಒಂದು ಪಟ್ಟಿ ಮಾತ್ರ ಹಾಗೇ ಇದೆ. ಮಳೆಗೆ ಕೊರೆದುಹೋದಾಗಲೆಲ್ಲ ಶಿವಕಾಂತಾ ಬುಟ್ಟಿಯಲ್ಲಿ ಉಸುಕು ಹೊತ್ತು ಸುರಿದು, ಸಲಿಕೆಯಿಂದ ಇಳಿಜಾರು ಎಳೆಯುತ್ತಾರೆ.

ಈಗ ಆ ಪಟ್ಟಿಯ ಮೇಲೂ ಸುಣ್ಣದ ಗೆರೆ ಬಿದ್ದಿದೆ. ಹೊಸ ಸ್ನಾನಘಟ್ಟ ಬರಲಿದೆ: ಉದ್ದಕ್ಕೂ ನೆಟ್ಟನೆ ಗೋಡೆ, ನಡುವೆ ಮೆಟ್ಟಿಲು, ಗಾಡಿ ಇಳಿಯಲು ಒಂದೇ ಒಂದು ಇಳಿಜಾರು. ಆ ಇಳಿಜಾರನ್ನು ಜಾಗ ನೋಡಿ ಗೊತ್ತು ಮಾಡುವ ಕೆಲಸ ಗಾರೆಕೆಲಸದ ಗೌಂಡಿ ಕಲ್ಲಿನಾಥನದು. ಅವನು ಗೂಟ ಹೊಡೆದಿರುವುದು ಆಚೆ ತುದಿಗೆ. ಬಂಡೆಯ ಮುಂದೆ ಗೋಡೆ ಎದ್ದರೆ ಶಿವಕಾಂತಾರ ಹೊಳೆಯ ಕೆಲಸ ಅಲ್ಲಿಗೆ ಮುಗಿಯಿತು.

"ಇಳಿಜಾರು ಈ ಕಡಿ ತಗೊಂಬಾರೋ ತಮ್ಮಾ" ಎಂದು ಇವತ್ತೂ ಕೇಳುತ್ತಾರೆ.

"ನಿನ್ನ ಚಾದರದ ಸಲುವಾಗಿ ಘಟ್ಟಾನೇ ತಿರುವಲೇನಕ್ಕಾ?" ಇಸ್ತ್ರಿ ಮಾಡಿದ ಪ್ಯಾಂಟಿನ ಕಲ್ಲಿನಾಥ ದರಿಯ ಅಂಚಿನಲ್ಲಿ ನಿಂತು ಫೋನು ಒತ್ತುತ್ತಾ ನಗುತ್ತಾನೆ.

"ಅಲ್ಲಿ ನಿಂದರಬ್ಯಾಡ."

"ನೀರು ಎಲ್ಲೈತಿ, ನಾ ಎಲ್ಲಿದ್ದೀನಿ."

ಗಾಳಿ ಒಮ್ಮೆ ಜೋರಾಗಿ ಬೀಸುತ್ತದೆ. ತೆರೆ ದರಿಗೆ ಅಪ್ಪಳಿಸಿ ಎದ್ದು, ಕಲ್ಲಿನಾಥನನ್ನು ಸೊಂಟದವರೆಗೆ ತೋಯಿಸಿ ಇಳಿಯುತ್ತದೆ. ಅದೇ ತೆರೆ ಇತ್ತ ಉಸುಕಿನ ಮೇಲೆ ಹರಿದು ಬಂದು, ಹರಳಿಗೆ ಗೇಣು ಕೆಳಗೇ ನಿಂತು ಹಿಂದೆ ಸರಿಯುತ್ತದೆ.

"ಎತ್ತರ ನೋಡಿ ಮೋಸ ಹೋದೆಲ್ಲೋ ತಮ್ಮಾ. ಕಳಚಿ ಕೊಡು, ಚಾದರದ ಜೋಡಿ ಒಗದು ಹಾಕ್ತೇನಿ."

ಕಲ್ಲಿನಾಥ ಪ್ಯಾಂಟು ಹಿಂಡುತ್ತಾ ಹರಳನ್ನೊಮ್ಮೆ, ದರಿಯನ್ನೊಮ್ಮೆ ನೋಡುತ್ತಾನೆ. ಆಚೆ ತುದಿಗೆ ನಡೆದು, ಗೂಟ ಕಿತ್ತು ತಂದು ಬಂಡೆಯ ಪಕ್ಕ ಬಡಿಯುತ್ತಾನೆ. "ಗಾಡಿ ಇಲ್ಲಿಂದನೂ ಇಳಿತಾವ ಬಿಡು. ಆದರ ಉಸುಕು ಉಳಿಯಂಗಿಲ್ಲಕ್ಕಾ, ಸಿಮೆಂಟು ಬರ್ತದ."

"ಬರಲಿ. ನುಣ್ಣಗ ಮಾತ್ರ ಮಾಡಬ್ಯಾಡ, ನೀರು ಜಾರಕೋತ ಮ್ಯಾಲ ಬರ್ತದ. ನಡನಡುವ ಕಲ್ಲು ಎದ್ದಿರಲಿ, ತೆರಿ ಎಡವಿ ಎಡವಿ ದಣಿತದ."

ಅವನು ಹೋದ ಮೇಲೆ ಶಿವಕಾಂತಾ ಗಂಟು ಬಿಚ್ಚುತ್ತಾರೆ. ಕಲ್ಲಂಗಡಿಯ ಉಸುಕು ಮರಳಿ ಬರುವುದಿಲ್ಲ, ಅದು ಅವರಿಗೂ ಗೊತ್ತು. ಮೊದಲ ಚಾದರವನ್ನು ನೀರಿಗೆ ಅದ್ದುತ್ತಾ, ಬಂಡೆಗೆ ಹೇಳುವಂತೆ ಹೇಳುತ್ತಾರೆ: "ಚಾದರ ಯಾರು ಒಗದ್ರು ಅಂತ ಮಲಗೋರು ಯಾರೂ ಕೇಳಂಗಿಲ್ಲ. ದಣಿದು ಬಂದಿರ್ತಾರ, ಬಿದ್ದಕೂಡಲೇ ನಿದ್ದಿ ಹತ್ತತದ. ಅಷ್ಟಾದ್ರ ಸಾಕು."