ಮಹದೇವ ನೋವು ಎಂದಿದ್ದ

ಮಹದೇವ ನೋವು ಎಂದಿದ್ದ. ನನ್ನ ಹತ್ತಿರವೇ ಹೇಳಿದ್ದ. ಅದೇ ದಿನ ಆಸ್ಪತ್ರೆಯಲ್ಲಿ ಡಾಕ್ಟರು ನೇರವಾಗಿ ಕೇಳಿದಾಗ ನಾನು, ಇಲ್ಲ, ನೋವೇನೂ ಇರಲಿಲ್ಲ ಎಂದೆ. ನಿಜ ಹೇಳಿದ್ದರೆ ನನ್ನ ಮೈದುನ ಉಳಿಯುತ್ತಿದ್ದನೋ ಇಲ್ಲವೋ — ಗೊತ್ತಿಲ್ಲ. ಸುಳ್ಳು ಹೇಳಿದೆ ಎಂಬುದು ಮಾತ್ರ ಗೊತ್ತು. ಅದನ್ನು ಅವನ ಹೆಂಡತಿ ಗೌರಿಯಿಂದ ವರ್ಷಗಟ್ಟಲೆ ಮುಚ್ಚಿಟ್ಟೆ ಎಂಬುದೂ.

ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಅವನಿನ್ನೂ ಹೈಸ್ಕೂಲಿನಲ್ಲಿದ್ದ. ಮಂಡಿ ಮೊಹಲ್ಲಾದಲ್ಲಿ ನಮ್ಮದು ಹಗ್ಗ, ಗೋಣಿಚೀಲದ ಸಗಟು ಅಂಗಡಿ. ಅದರ ಮೇಲೇ ಮನೆ. ನನ್ನ ಯಜಮಾನರು ತೀರಿಕೊಂಡ ಮೇಲೆ ಅಂಗಡಿಯನ್ನೂ ನನ್ನನ್ನೂ ನನ್ನ ಮಗಳು ಶ್ವೇತಳನ್ನೂ ನೋಡಿಕೊಂಡವನು ಮಹದೇವನೇ. ಅವನಿಗೂ ಗೌರಿಗೂ ಮಕ್ಕಳಾಗಲಿಲ್ಲ. ಶ್ವೇತಳ ಶಾಲೆಯ ಮೀಟಿಂಗಿಗೆ ಹೋಗುತ್ತಿದ್ದವನೂ, ಅವಳಿಗೆ ಸ್ಕೂಟರ್ ಕಲಿಸಿದವನೂ ಅವನೇ.

ಆ ಭಾನುವಾರ ರಾಮಕೃಷ್ಣನಗರದಿಂದ ಗಂಡಿನ ಕಡೆಯವರು ಶ್ವೇತಳನ್ನು ನೋಡಲು ಬರುವವರಿದ್ದರು. ಅದಕ್ಕೆ ಮುಂಚೆ ಎರಡು ಸಂಬಂಧ ತಪ್ಪಿಹೋಗಿದ್ದವು. ಅಪ್ಪನಿಲ್ಲದ ಹುಡುಗಿ ಎಂದು ಯಾರೋ ಆಡಿದ್ದು ನನ್ನ ಕಿವಿಗೂ ಬಿದ್ದಿತ್ತು. ಈ ಸಲ ಏನೂ ಅಡ್ಡಿಯಾಗಬಾರದು — ನನ್ನ ತಲೆಯಲ್ಲಿ ಅದೊಂದೇ.

ಗೌರಿ ಕೆಸರೆಯ ಶಾಲೆಯೊಂದರಲ್ಲಿ ಟೀಚರು. ಅಂದು ಅಲ್ಲಿ ಯಾವುದೋ ನೇಮಕಾತಿ ಪರೀಕ್ಷೆ, ಅವಳಿಗೆ ಡ್ಯೂಟಿ ಬಿದ್ದಿತ್ತು. ಹೊರಡುವಾಗ ಗಂಡನ ಬಿ.ಪಿ. ಮಾತ್ರೆ ಹಾಗೇ ಉಳಿದಿರುವುದನ್ನು ಕಂಡು ರೇಗಿದಳು. "ಮಾತ್ರೆ ನುಂಗೋಕೂ ನಾನೇ ಹೇಳ್ಬೇಕೇನ್ರೀ? ನಾಳೆ ಏನಾದ್ರೂ ಆದ್ರೆ ನನ್ನ ಹತ್ರ ಬಂದು ಹೇಳ್ಬೇಡಿ." ಎಲ್ಲ ಮನೆಯಲ್ಲೂ ಆಡುವ ಮಾತು. ಮಹದೇವ ನಕ್ಕ.

ಅವಳು ಹೋಗಿ ಸ್ವಲ್ಪ ಹೊತ್ತಾಗಿತ್ತು. ನಾನು ಕೇಸರಿಬಾತಿಗೆ ರವೆ ಹುರಿಯುತ್ತಿದ್ದೆ. ಅಡುಗೆಮನೆಯ ಬಾಗಿಲು ಹಿಡಿದುಕೊಂಡು ಮಹದೇವ ನಿಂತಿದ್ದ. ಹಣೆಯ ವಿಭೂತಿ ಬೆವರಿಗೆ ಕರಗಿ ಇಳಿಯುತ್ತಿತ್ತು.

"ಅತ್ತಿಗೆ, ಎದೆಯಿಂದ ಬೆನ್ನಿಗೆ ಏನೋ ಸೀಳ್ಕೊಂಡು ಹೋದಂಗಾಯ್ತು. ಇಂಥ ನೋವು ಯಾವತ್ತೂ ಬಂದಿಲ್ಲ. ಗೌರಿನ ಕರೀರಿ. ಆಸ್ಪತ್ರೆಗೆ ಹೋಗ್ಬುಡ್ತೀನಿ."

ಶಾಲೆಯ ಆಫೀಸಿಗೆ ಒಂದು ಫೋನು ಮಾಡಿದ್ದರೆ ಆಗುತ್ತಿತ್ತು. ಕೆಳಗಿಳಿದರೆ ಆಟೋ. ನಾನು ಒಲೆ ಕೂಡ ಆರಿಸಲಿಲ್ಲ.

"ಗ್ಯಾಸ್ ಇರ್ಬೇಕು ಕಣಪ್ಪ. ಅವರು ಇನ್ನೇನು ಬಂದ್ಬುಡ್ತಾರೆ. ಸ್ವಲ್ಪ ತಡ್ಕೊ, ಬಂದು ಹೋಗ್ಲಿ."

ಅವನು ನನ್ನ ಮುಖವನ್ನೇ ನೋಡಿದ. ಬೇಡಿಕೊಂಡಂತೆ ಇರಲಿಲ್ಲ ಆ ನೋಟ — ಅರ್ಥಮಾಡಿಕೊಂಡಂತೆ ಇತ್ತು. "ಆಯ್ತು ಬುಡಿ. ಶ್ವೇತಂಗೆ ಹೇಳ್ಬೇಡಿ, ಹೆದರ್ಕೋತಾಳೆ" ಎಂದ. ಮಜ್ಜಿಗೆಗೆ ಇಂಗು ಹಾಕಿ ಕೊಟ್ಟೆ. ಕುಡಿದು ಮಲಗಿದ. ಆಮೇಲೆ ಕೇಳಿದರೆ ಕೊಂಚ ಕಡಿಮೆ ಎಂದ. ನನಗೆ ಅಷ್ಟು ಸಾಕಾಯಿತು.

ಅವರು ಬಂದರು: ಹುಡುಗ, ಅವನ ತಾಯಿ, ನಿವೃತ್ತ ಲೆಕ್ಚರರ್ ಆದ ತಂದೆ. ಮಹದೇವ ಬೇರೆ ಶರ್ಟು ಹಾಕಿಕೊಂಡು ಬಂದು ಮನೆಯ ಹಿರಿಯನ ಹಾಗೆ ಎದುರಿಗೆ ಕೂತ. "ನಮ್ಮ ಶ್ವೇತಾ ಚಿಕ್ಕೋಳಿದ್ದಾಗ..." ಎಂದು ಶುರುಮಾಡಿದ. ಆ ಮಾತು ಮುಗಿಯಲಿಲ್ಲ. ನಾಲಿಗೆ ತೊದಲಿತು, ಬಾಯಿ ಒಂದು ಕಡೆಗೆ ಎಳೆಯಿತು, ಎಡಗೈಯಲ್ಲಿದ್ದ ತಟ್ಟೆ ಜಾರಿತು. ಹುಡುಗನ ತಂದೆ ತಕ್ಷಣ ಎದ್ದರು. "ಇದು ಸ್ಟ್ರೋಕ್ ಇದ್ದಂಗಿದೆ. ತಡ ಮಾಡ್ಬಾರ್ದು, ನಮ್ಮ ಕಾರಿದೆ" ಎಂದು ಅವರೇ ಮಗನೊಡನೆ ಹಿಡಿದು ಕೆಳಗಿಳಿಸಿದರು.

ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಒಬ್ಬರಿದ್ದರು. ತಲೆಯ ಸ್ಕ್ಯಾನ್ ಮಾಡಿಸಿಕೊಂಡು ಓಡುತ್ತಲೇ ಬಂದರು. "ಮಿದುಳಲ್ಲಿ ರಕ್ತಸ್ರಾವ ಇಲ್ಲ. ರಕ್ತನಾಳ ಕಟ್ಕೊಂಡಿದೆ ಅನ್ಸುತ್ತೆ. ಹೆಪ್ಪು ಕರಗಿಸೋ ಇಂಜೆಕ್ಷನ್ ಬೇಗ ಕೊಡ್ಬೇಕು. ಅದಕ್ಕೆ ಮುಂಚೆ ಒಂದ್ ಮಾತು. ಇವತ್ತು ಎದೆ ನೋವು, ಬೆನ್ನು ನೋವು ಏನಾದ್ರೂ ಅಂದಿದ್ರಾ?"

ಶ್ವೇತ ಶಾಲೆಗೆ ಫೋನು ಮಾಡಿದ್ದರಿಂದ ಗೌರಿ ಆಗಷ್ಟೇ ಬಂದಿದ್ದಳು. ಏದುಸಿರಿನಲ್ಲಿ ನನ್ನ ಕಡೆ ತಿರುಗಿದಳು, ಮನೆಯಲ್ಲಿದ್ದವಳು ನಾನಲ್ಲವೇ. ನನ್ನ ಪಕ್ಕದಲ್ಲೇ ಹುಡುಗನ ತಂದೆ ನಿಂತಿದ್ದರು. ನೋವು ಎಂದವನನ್ನು ನಾನು ತಂದು ಅವರೆದುರು ಕೂರಿಸಿದ್ದೆ ಎಂದು ಅವರಿಗೆ ಗೊತ್ತಾದರೆ...

"ಇಲ್ಲ. ನೋವೇನೂ ಇರಲಿಲ್ಲ. ಚೆನ್ನಾಗೇ ಮಾತಾಡ್ತಿದ್ರು."

ಮಂಚದ ಮೇಲೆ ಮಹದೇವನ ಕಣ್ಣು ತೆರೆದಿತ್ತು. ನನ್ನ ಮಾತು ಅವನಿಗೆ ಕೇಳಿಸಿತೇ — ಅದೊಂದನ್ನು ಯೋಚಿಸಲು ಇವತ್ತಿಗೂ ನನ್ನಿಂದ ಆಗುವುದಿಲ್ಲ.

ಇಂಜೆಕ್ಷನ್ ಕೊಟ್ಟರು. ಸ್ವಲ್ಪ ಹೊತ್ತಿನಲ್ಲೇ ಅವನ ಬಿ.ಪಿ. ಇಳಿಯತೊಡಗಿತು. ಹಿರಿಯ ಡಾಕ್ಟರು ಬಂದು ಎರಡೂ ಕೈಯ ನಾಡಿಯನ್ನು ಒಟ್ಟಿಗೆ ಹಿಡಿದು ನೋಡಿದರು. ಬಲಗೈಯಲ್ಲಿ ನಾಡಿ ಸಿಗುವುದೇ ಕಷ್ಟವಾಗಿತ್ತು. ತಕ್ಷಣ ಇಂಜೆಕ್ಷನ್ ನಿಲ್ಲಿಸಿ ಎದೆಯ ಸ್ಕ್ಯಾನಿಗೆ ಕಳಿಸಿದರು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ ಒಳಪದರ ಹರಿದಿತ್ತಂತೆ. ಆ ಸೀಳು ಕುತ್ತಿಗೆಯ ನಾಳದವರೆಗೂ ಹೋಗಿ ಮಿದುಳಿಗೆ ಹೋಗುವ ರಕ್ತವನ್ನು ತಡೆದಿತ್ತು. ನೋಡುವವರಿಗೆ ಲಕ್ವ, ರೋಗದ ಮೂಲ ಎದೆಯಲ್ಲಿ. ಅಂಥವರಿಗೆ ಕೊಡಲೇಬಾರದ ಇಂಜೆಕ್ಷನ್ ಅದು. ಹೃದಯದ ಸುತ್ತ ರಕ್ತ ತುಂಬಿಕೊಂಡಿತು. ಆಪರೇಷನ್ನಿಗೆ ಸಿದ್ಧಮಾಡುತ್ತಿರುವಾಗಲೇ ಅವನು ಹೋಗಿಬಿಟ್ಟ.

ಹಿರಿಯ ಡಾಕ್ಟರು ಗೌರಿಯನ್ನು ಕೂರಿಸಿಕೊಂಡು ಕೇಳಿದರು. "ಹೆಚ್ಚಿನವರಿಗೆ ಮೊದಲು ಜೋರಾಗಿ ನೋವು ಬರುತ್ತಮ್ಮ. ಕೆಲವರಿಗೆ ಬರೋದೇ ಇಲ್ಲ. ಇವರು ಏನೂ ಅನ್ಲಿಲ್ವಾ?"

"ನನ್ನ ಹತ್ರ ಏನೂ ಅನ್ಲಿಲ್ಲ ಸಾರ್."

ಆ ಚಿಕ್ಕ ಡಾಕ್ಟರಮ್ಮ ಗೋಡೆಗೊರಗಿ ನಿಂತಿದ್ದರು. ಸರಿಯಾದ ಪ್ರಶ್ನೆಯನ್ನೇ ಕೇಳಿದ್ದರು ಅವರು. ತಾನು ಎಲ್ಲಿ ತಪ್ಪಿದೆ ಎಂದು ಆ ಹುಡುಗಿ ಎಷ್ಟು ದಿನ ಹುಡುಕಿದಳೋ.

ಶ್ವೇತಳ ಮದುವೆ ಅದೇ ಹುಡುಗನೊಂದಿಗೆ ಆಯಿತು. ಒಳ್ಳೆಯ ಜನ. ಮೊಮ್ಮಗಳು ಹುಟ್ಟಿದಳು. ಆ ಮನೆಗೆ ಹೋದಾಗಲೆಲ್ಲ ನಾನು ಸಂತೋಷಪಟ್ಟಿದ್ದೇನೆ, ಅದನ್ನೂ ಮುಚ್ಚಿಡುವುದಿಲ್ಲ.

ಗೌರಿ ಮಾತ್ರ ಬೇರೆಯೇ ಆದಳು. ದನಿ ಎತ್ತುವುದನ್ನೇ ಬಿಟ್ಟಳು. ಶಾಲೆಯ ಮಕ್ಕಳನ್ನೂ ಗದರುವುದಿಲ್ಲವಂತೆ. ಅನ್ನ ಬಡಿಸುವಾಗ, ಬಟ್ಟೆ ಮಡಚುವಾಗ, ಇದ್ದಕ್ಕಿದ್ದಂತೆ ಅನ್ನುತ್ತಿದ್ದಳು: "ಏನಾದ್ರೂ ಆದ್ರೆ ನನ್ನ ಹತ್ರ ಹೇಳ್ಬೇಡಿ ಅಂದಿದ್ನಲ್ಲ ಅಕ್ಕ. ಅದಕ್ಕೇ ನೋವು ನುಂಗ್ಕೊಂಡ್ರು."

"ಅಂಗೆಲ್ಲ ಅನ್ಕೋಬೇಡ ಕಣೆ" ಎಂದು ನಾನು ಎದ್ದುಹೋಗುತ್ತಿದ್ದೆ. ಒಂದು ವಾಕ್ಯ ಸಾಕಾಗಿತ್ತು ಅವಳ ಎದೆಯ ಭಾರ ಇಳಿಸಲು. ಆ ವಾಕ್ಯ ನನ್ನ ಬಾಯಲ್ಲೇ ಇತ್ತು, ಇಷ್ಟು ವರ್ಷವೂ...

ಕಳೆದ ತಿಂಗಳು ನನಗೆ ಬೆನ್ನು ಹಿಡಿದುಕೊಂಡಿತು. ಗೌರಿ ಶಾಲೆಗೆ ರಜ ಹಾಕಿ ನನ್ನನ್ನು ಆಸ್ಪತ್ರೆಗೆ ಕರೆದೊಯ್ದಳು. ಬರೀ ಸ್ನಾಯು ಸೆಳೆತ ಎಂದರು. ವಾಪಸು ಬರುವಾಗ ಆಟೋದಲ್ಲಿ ನನ್ನ ಕೈ ಹಿಡಿದುಕೊಂಡು, "ನೋವು ಬಂದ್ರೆ ನನಗೆ ಹೇಳ್ಬುಡಿ ಅಕ್ಕ. ಅವರ ಥರ ಮುಚ್ಚಿಡ್ಬೇಡಿ" ಎಂದಳು.

ಮನೆಗೆ ಬಂದು ಅವಳನ್ನು ಕೂರಿಸಿ ಎಲ್ಲವನ್ನೂ ಹೇಳಿದೆ. ಅವಳು ಅಳಲಿಲ್ಲ. ನನ್ನ ಕಡೆ ತಿರುಗಿ ಕೇಳಿದಳು. "ಏನಂದ್ರು? ಅವರು ಅಂದಂಗೇ ಹೇಳಿ."

"ಗೌರಿನ ಕರೀರಿ ಅಂದ."

"ಇನ್ನೊಂದ್ ಸಲ ಹೇಳಿ."

ಹೇಳಿದೆ.

"ನನ್ನ ಹತ್ರ ಮುಚ್ಚಿಟ್ರು ಅಂತ ಇಷ್ಟು ವರ್ಷ ಅವರ ಮೇಲೇ ಕೋಪ ಇಟ್ಕೊಂಡಿದ್ದೆ" ಎಂದಳು ಗೌರಿ. ಎದ್ದು ತನ್ನ ಕೋಣೆಗೆ ಹೋದಳು. ಅಂದಿನಿಂದ ಅಡುಗೆ ಮಾಡಿ ಬಡಿಸುತ್ತಾಳೆ, ಮಾತ್ರೆ ತಂದಿಡುತ್ತಾಳೆ. ಅಕ್ಕ ಎಂದು ಕರೆಯುವುದಿಲ್ಲ. ನಾನೂ ಕ್ಷಮಿಸು ಎಂದು ಕೇಳಿಲ್ಲ. ಕೇಳಿದರೆ ಅವಳ ತಲೆಯ ಮೇಲೆ ಇನ್ನೊಂದು ಹೊರೆ ಹೊರಿಸಿದಂತೆ. ಆ ಡಾಕ್ಟರಮ್ಮ ಈಗ ಎಲ್ಲಿದ್ದಾರೆಂದು ವಿಚಾರಿಸುತ್ತಿದ್ದೇನೆ, ಅವರಿಗೂ ಹೇಳಬೇಕು.

ಹೋದ ವಾರ ರಾಮಕೃಷ್ಣನಗರಕ್ಕೆ ಹೋಗಿ ಶ್ವೇತಳ ಎದುರಿಗೇ ಬೀಗರಿಗೆ ಹೇಳಿದೆ. ಅವಳು "ಚಿಕ್ಕಪ್ಪ..." ಎಂದಷ್ಟೇ ಹೇಳಿ ಒಳಗೆ ಹೋದಳು. ಬೀಗರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದು ಕೂತರು. ಬೈಯುತ್ತಾರೆಂದುಕೊಂಡೆ. ಅವರು ಮೆಲ್ಲನೆ ಅಂದದ್ದು ಇಷ್ಟೇ:

"ಅವತ್ತು ಒಂದ್ ಮಾತು ಹೇಳಿದ್ರೆ, ನಾವು ಇನ್ನೊಂದ್ ಭಾನುವಾರ ಬರ್ತಿದ್ವಲ್ಲಮ್ಮ."