ಸಿಸ್ಟರ್ ಹುಟ್ಟಿದ ಜಾಗ

ಹೋದ ತಿಂಗಳು ರಕ್ತದಲ್ಲಿ ಸಕ್ಕರೆ ಎಷ್ಟಿದೆ ನೋಡಿಸಿಕೊಳ್ಳಲು ಲ್ಯಾಬಿಗೆ ಹೋಗಿದ್ದೆ. ಅಲ್ಲಿಯ ಹುಡುಗಿ ಹತ್ತಿಯಿಂದ ತೋಳಿಗೆ ಸ್ಪಿರಿಟ್ ಒರೆಸಿದಳು. ಆ ತಣ್ಣನೆಯ, ಮೂಗಿಗೇರುವ ವಾಸನೆ ಬಂದದ್ದೇ ತಡ, ನಲವತ್ತು ವರ್ಷದ ಹಿಂದೆ ನಮ್ಮ ಮೇಲಿನ ಮನೆಯಲ್ಲಿದ್ದ ಸಿಸ್ಟರ್ ಕಣ್ಣ ಮುಂದೆ ಬಂದು ನಿಂತರು.

ಆಗ ನನಗೆ ಹನ್ನೆರಡು. ಅಪ್ಪನಿಗೆ ವರ್ಗವಾಗಿ ಧಾರವಾಡದಿಂದ ಪುಣೆಗೆ ಬಂದು, ಕೋಥರೂಡದ ಮೂರು ಮಹಡಿಯ ಸೊಸೈಟಿಯೊಂದರಲ್ಲಿ ಇದ್ದೆವು. ಜೊತೆಗೆ ಅಜ್ಜಿ, ಅವಳ ಜೊತೆಗೆ ಅವಳ ಸಕ್ಕರೆ ಕಾಯಿಲೆ. ಮರಾಠಿ ಬಾರದ ಅಜ್ಜಿ ದಿನವೆಲ್ಲ ಕಿಟಕಿಯ ಬಳಿ ಸುಮ್ಮನೆ ಕೂತಿರುತ್ತಿದ್ದಳು. ಮೇಲಿನ ಮನೆಗೆ ಬಾಡಿಗೆಗೆ ಬಂದ ನರ್ಸ್ ಹುಬ್ಬಳ್ಳಿಯವರು ಎಂದು ಗೊತ್ತಾದ ದಿನ ಮಾತ್ರ, ಅವರು ಬಂದು ತಟ್ಟಿದಾಗ ಅವಳು ತಾನೇ ಎದ್ದು ಹೋಗಿ ಬಾಗಿಲು ತೆರೆದಳು. ಅಂದಿನಿಂದ ದಿನಾ ಬೆಳಿಗ್ಗೆ ಏಳಕ್ಕೆ, ಡ್ಯೂಟಿಗೆ ಹೊರಡುವ ಮೊದಲು, ಸಿಸ್ಟರ್ ಬಂದು ಅಜ್ಜಿಗೆ ಇನ್ಸುಲಿನ್ ಕೊಡುತ್ತಿದ್ದರು. ಗಾಜಿನ ಸಿರಿಂಜು ಕುದಿಯುವಷ್ಟು ಹೊತ್ತು ಇಬ್ಬರದೂ ಮಾತು. ಜೋಳದ ರೊಟ್ಟಿ, ಹುಬ್ಬಳ್ಳಿಯ ಧೂಳು, ಹೀಗೇ ಏನಾದರೊಂದು.

ಸಿಸ್ಟರ್ ಗಂಡ ಮರಾಠಿಯವರು, ಫ್ಯಾಕ್ಟರಿಯೊಂದರಲ್ಲಿ ಕೆಲಸ. ಮೂರು ವರ್ಷದ ಮಗಳು. ಪ್ರೀತಿಸಿ ಮದುವೆಯಾದವರಂತೆ. ಸಿಸ್ಟರ್ ಕಡೆಯ ನೆಂಟರು ಮಾತ್ರ ಯಾರೂ ಬರುತ್ತಿರಲಿಲ್ಲ.

ಸಿಸ್ಟರಿಗೆ ಒಂದು ವಿಚಿತ್ರ ರೂಢಿಯಿತ್ತು. ಎಲ್ಲಿಗೆ ಹೊರಟರೂ ನಮ್ಮ ಬಾಗಿಲು ತಟ್ಟಿ, "ಪ್ಯಾಟಿಗೆ ಹೋಗಿ ಬರ್ತೀನ್ರಿ, ಆರಕ್ಕ ಮನ್ಯಾಗ ಇರ್ತೀನಿ" ಎಂದು ಹೇಳಿಯೇ ಹೋಗುತ್ತಿದ್ದರು. ಆರಕ್ಕೆ ಬಂದಮೇಲೆ "ಬಂದೆ ನೋಡ್ರಿ" ಎಂದು ಇನ್ನೊಮ್ಮೆ ತಟ್ಟುತ್ತಿದ್ದರು. ಯಾರೂ ಕೇಳದಿದ್ದರೂ ಯಾಕೆ ಹೇಳುತ್ತಾರೆ ಎಂದು ಅಪ್ಪ ನಗುತ್ತಿದ್ದರು.

ಕಾರಣ ಗೊತ್ತಾದದ್ದು ಒಂದು ಭಾನುವಾರ. ಅವ್ವ ಮತ್ತು ಸಿಸ್ಟರ್ ಅಡುಗೆಮನೆಯಲ್ಲಿ ಶೇಂಗಾ ಬಿಡಿಸುತ್ತ ಕೂತಿದ್ದರು. ನಾನು ಪಕ್ಕದ ಕೋಣೆಯಲ್ಲಿ ಲೆಕ್ಕ ಮಾಡುತ್ತಿದ್ದೆ. "ತವರಿಗೆ ಒಮ್ಮಿನೂ ಹೋಗಂಗಿಲ್ಲಲ್ರಿ ನೀವು?" ಎಂದು ಅವ್ವ ಕೇಳಿದಳು. ಸಿಸ್ಟರ್ ಕೈಯಲ್ಲಿದ್ದ ಶೇಂಗಾ ಬಿಡಿಸಿ ಮುಗಿಸಿ ಆಮೇಲೆ ಹೇಳಿದರು.

ಅವರ ಜನ ಊರೂರು ತಿರುಗಿ ಬದುಕುವವರು. ಬ್ರಿಟಿಷ್ ಸರಕಾರ ಅಂಥ ಜಾತಿಗಳನ್ನು ಹಿಡಿದು, ಇವರು ಹುಟ್ಟಾ ಕಳ್ಳರು ಎಂದು ಕಾಯ್ದೆಯಲ್ಲೇ ಬರೆದಿಟ್ಟಿತು. ಕಳವು ಮಾಡಿರಲಿ, ಬಿಡಲಿ, ಜಾತಿಯೇ ಸಾಕಿತ್ತು. ಹುಬ್ಬಳ್ಳಿಯ ಹೊರಗೆ ತಂತಿಬೇಲಿ ಹಾಕಿ ಅದರೊಳಗೆ ಇಟ್ಟರು. ಬೆಳಿಗ್ಗೆ ಸಂಜೆ ಹಾಜರಿ. ಹೊರಗೆ ಹೋಗಬೇಕಾದರೆ ಚೀಟಿ. ಹೇಳಿದ ಹೊತ್ತಿಗೆ ಬರದಿದ್ದರೆ ಶಿಕ್ಷೆ. ಸಿಸ್ಟರ್ ಅಪ್ಪ ಗಿರಣಿಯಲ್ಲಿ ನೂಲು ತೆಗೆಯುತ್ತಿದ್ದವರು, ಜೀವಮಾನದಲ್ಲಿ ಇನ್ನೊಬ್ಬರ ವಸ್ತು ಮುಟ್ಟಿದವರಲ್ಲ.

"ನನ್ನ ತೊಟ್ಟಲದಾಗ ಹಾಕೂಕಿಂತ ಮೊದಲ ಹಾಜರಿ ಪುಸ್ತಕದಾಗ ಹಾಕಿದ್ರು" ಎಂದರು ಸಿಸ್ಟರ್, ಇನ್ಯಾರದೋ ಸುದ್ದಿ ಹೇಳುವವರ ಹಾಗೆ. ಸ್ವಾತಂತ್ರ್ಯ ಬಂದು ಕೆಲವು ವರ್ಷವಾದ ಮೇಲೆ ತಂತಿ ತೆಗೆದರಂತೆ. ಅವರಿಗಾಗ ಏಳೋ ಎಂಟೋ. ತಂತಿ ಹೋದರೂ ಅವರ ಅವ್ವ ಹೊತ್ತು ಮುಳುಗುವ ಮೊದಲು ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ ಎಣಿಸುತ್ತಿದ್ದಳಂತೆ.

"ಯಾರ ಮುಂದೂ ಹೇಳಬ್ಯಾಡ್ರಿ ಅಕ್ಕಾರ. ನನ್ನ ಮಗಳಿಗೂ ನಾ ಹೇಳಾಕಿ ಅಲ್ಲ" ಎಂದರು. ಆ ರಾತ್ರಿ ಅವ್ವ ನನ್ನ ಕೈ ಹಿಡಿದು, "ಕೇಳಿಸ್ಕೊಂಡೀಯಲ್ಲ, ನುಂಗಿಬಿಡು" ಅಂದಳು.

ನಾನು ನುಂಗಲಿಲ್ಲ. ಹದಿನೈದು ದಿನದಲ್ಲೇ ಕೆಳಗಿನ ಮನೆಯ ಗೆಳತಿಗೆ ಹೇಳಿದೆ. ಕೆಟ್ಟ ಮನಸ್ಸಿನಿಂದಲ್ಲ, ಅವಳ ಹತ್ತಿರ ದಿನಾ ಹೊಸ ಸುದ್ದಿ ಇರುತ್ತಿತ್ತು, ನನ್ನ ಹತ್ತಿರ ಇದೊಂದಿತ್ತು, ಅಷ್ಟೇ. ನನ್ನ ಮರಾಠಿ ಆಗಿನ್ನೂ ಅರೆಬರೆ. ಕಾಯ್ದೆ, ಹಾಜರಿ ಪುಸ್ತಕ, ಬ್ರಿಟಿಷರು ಬರೆದಿಟ್ಟದ್ದು... ಇದನ್ನೆಲ್ಲ ಹೇಳುವಷ್ಟು ಶಬ್ದ ನನ್ನಲ್ಲಿರಲಿಲ್ಲ. ಕಳ್ಳರನ್ನು ಇಡುವ ಜಾಗದಲ್ಲಿ ಹುಟ್ಟಿದವರು ಎಂಬಷ್ಟು ಮಾತ್ರ ಬಾಯಿಗೆ ಬಂತು.

ಮಳೆಗಾಲ ಮುಗಿಯುವ ಹೊತ್ತಿಗೆ ಅದೇ ಗೆಳತಿಯ ತಾಯಿಯ ಮಂಗಳಸೂತ್ರ ಕಾಣೆಯಾಯಿತು. ಮಧ್ಯಾಹ್ನ ಸೊಸೈಟಿಯ ಸೆಕ್ರೆಟರಿ ಒಬ್ಬ ಹವಾಲ್ದಾರನನ್ನು ಕರೆದುಕೊಂಡು ಬಂದರು. ಇನ್ನೊಂದು ಮನೆಯ ಬಾಗಿಲನ್ನೂ ತಟ್ಟದೆ ನೇರ ಮೇಲಿನ ಮಹಡಿಗೆ ಹತ್ತಿದರು. ನಾವೆಲ್ಲ ಮೆಟ್ಟಿಲ ಮೇಲೆ ನಿಂತು ನೋಡಿದೆವು. ಗಂಡ ಮನೆಯಲ್ಲಿರಲಿಲ್ಲ. ಸಿಸ್ಟರ್ ಎರಡೂ ಕೈ ಇಳಿಬಿಟ್ಟು, ನೆಟ್ಟಗೆ ನಿಂತು, ಕೇಳುವ ಮೊದಲೇ ತಮ್ಮ ಹೆಸರು, ಅಪ್ಪನ ಹೆಸರು, ಊರು ಹೇಳಿದರು. ಆಸ್ಪತ್ರೆಯಲ್ಲಿ ಡಾಕ್ಟರುಗಳನ್ನೇ ಗದರಿಸುವ ಹೆಂಗಸು ಅವರು.

ಹವಾಲ್ದಾರ ಪಾತ್ರೆ, ಟ್ರಂಕು, ಮಗುವಿನ ಹಾಸಿಗೆ ಎಲ್ಲವನ್ನೂ ಕೆದಕಿದ. ಸಿಸ್ಟರ್ ಒಂದು ಬಿಸ್ಕೀಟಿನ ಡಬ್ಬಿ ತಂದು ಮುಂದಿಟ್ಟರು. ಅದರ ತುಂಬ ರಸೀದಿಗಳು. ಕುಕ್ಕರಿನದು, ರೇಡಿಯೋದ್ದು, ಮಗಳ ಕಿವಿಯ ಓಲೆಯದು. "ಇತಕ್ಯಾ ಪಾವತ್ಯಾ ಕಶಾಲಾ ಠೇವ್ತಾ, ಬಾಯಿ?" ಇಷ್ಟೊಂದು ರಸೀದಿ ಯಾಕೆ ಇಟ್ಟುಕೊಂಡೀರಿ ಎಂದು ಅವನಿಗೆ ಆಶ್ಚರ್ಯ.

"ತುಮ್ಹೀ ವಿಚಾರತಾ ಮ್ಹಣೂನ್" ಎಂದರು ಸಿಸ್ಟರ್. ನೀವು ಕೇಳುತ್ತೀರಲ್ಲ, ಅದಕ್ಕೇ.

ಮೂರನೆಯ ದಿನ ಮಂಗಳಸೂತ್ರ ಸಿಕ್ಕಿತು. ಊರಿಗೆ ಹೋಗುವಾಗ ಗೆಳತಿಯ ತಾಯಿಯೇ ಅಕ್ಕಿಯ ಡಬ್ಬಿಯಲ್ಲಿ ಹುಗಿದಿಟ್ಟು ಮರೆತಿದ್ದಳು. ಆ ಮಾತು ಹೇಳಲು ಯಾರೂ ಮೇಲಿನ ಮಹಡಿಗೆ ಹತ್ತಲಿಲ್ಲ. ಅವ್ವ ಹೋಗಿದ್ದಳು, ಆದರೆ ಬಾಗಿಲ ತನಕ ಹೋಗಿ ತಿರುಗಿ ಬಂದಳು. ಏನಂತ ಹೇಳಲಿ ಎಂದು ಅಡುಗೆಮನೆಯಲ್ಲಿ ಕೂತು ಅತ್ತಳು. ನನಗೆ ಒಂದೇ ಒಂದು ಮಾತು ಬೈಯಲಿಲ್ಲ.

ಪೋಲೀಸರು ಬಂದುಹೋದ ಮರುದಿನವೂ ಸಿಸ್ಟರ್ ಏಳಕ್ಕೆ ಸರಿಯಾಗಿ ಬಂದಿದ್ದರು, ಎಂದಿನ ಹಾಗೆ ಸಿರಿಂಜು ಕುದಿಸಿದ್ದರು. ಅಜ್ಜಿ ತೋಳು ಚಾಚಿ, ಇನ್ನೊಂದು ಕೈಯಿಂದ ಅವರ ಮುಂಗೈ ಹಿಡಿದುಕೊಂಡು ಬಹಳ ಹೊತ್ತು ಬಿಟ್ಟಿರಲಿಲ್ಲ. ಇಬ್ಬರೂ ಹುಬ್ಬಳ್ಳಿಯ ಮಾತು ಆಡಲಿಲ್ಲ.

ಒಂದು ತಿಂಗಳೊಳಗೆ ಸಿಸ್ಟರ್ ಮನೆಯವರು ಪುಣೆಯ ಇನ್ನೊಂದು ತುದಿಯ ಯೆರವಡಾದಲ್ಲಿ ಮನೆ ಹಿಡಿದರು. ಹೊರಡುವ ವಾರ ಸಿಸ್ಟರ್ ನನ್ನನ್ನು ಮೇಲೆ ಕರೆದರು. ಮೇಜಿನ ಮೇಲೆ ಒಂದು ಮೋಸಂಬಿ, ಸಿರಿಂಜು, ನೀರು. "ನಿಮ್ಮವ್ವಗ ಸೂಜಿ ಕಂಡ್ರ ಅಂಜಿಕಿ. ಅಜ್ಜಿಗೆ ಒಂದು ದಿನಾನೂ ತಪ್ಪಬಾರದು. ನೀನ ಕಲಿ." ಮೂರು ದಿನ ಮೋಸಂಬಿಗೆ ಚುಚ್ಚಿದೆ. ನಾಲ್ಕನೆಯ ದಿನ ತಮ್ಮ ತೋಳನ್ನೇ ಮುಂದೆ ಹಿಡಿದು, ಬರೀ ಉಪ್ಪುನೀರಿನದು, ಚುಚ್ಚು ಎಂದರು. ಸೂಜಿಯನ್ನು ಚರ್ಮದ ಹತ್ತಿರ ತಂದು ನಿಲ್ಲಿಸಿದೆ.

"ನಾನ ಹೇಳಿದ್ದು ಸಿಸ್ಟರ್" ಎಂದೆ.

"ಗೊತ್ತೈತಿ" ಎಂದರು. "ಕೈ ಗಟ್ಟಿ ಹಿಡಿ."

ಅಜ್ಜಿಗೆ ಮುಂದೆ ಆರು ವರ್ಷ ನಾನೇ ಇಂಜೆಕ್ಷನ್ ಕೊಟ್ಟೆ. ಮೊದಮೊದಲು ದೀಪಾವಳಿಗೆ ಅವ್ವನೊಡನೆ ಯೆರವಡಾಕ್ಕೆ ಹೋಗುತ್ತಿದ್ದೆ. ಆಮೇಲೆ ಅಜ್ಜಿ ಹೋದಳು, ನನ್ನ ಕಾಲೇಜು, ಮದುವೆ... ಒಂದೇ ಊರಿನಲ್ಲಿದ್ದೂ ಹೋಗುವುದು ನಿಂತಿತು.

ಲ್ಯಾಬಿನಿಂದ ಬಂದ ನಾಲ್ಕು ದಿನಕ್ಕೆ ಬಸ್ಸು ಹಿಡಿದು ಯೆರವಡಾಕ್ಕೆ ಹೋದೆ. ಅದೇ ಕಟ್ಟಡ, ಅದೇ ಮನೆ. ಬಾಗಿಲು ತೆರೆದದ್ದು ಸಿಸ್ಟರ್ ಮಗಳು. ಈಗ ಅವಳ ಕೂದಲೂ ಅಲ್ಲಲ್ಲಿ ಬೆಳ್ಳಗಾಗಿದೆ. ಆಯಿ, ಅಂದರೆ ಅವಳ ತಾಯಿ, ಹೋಗಿ ಎರಡು ವರ್ಷವಾಯಿತು ಎಂದಳು ಮರಾಠಿಯಲ್ಲಿ. ಕೊನೆಯ ದಿನಗಳಲ್ಲಿ ಆಸ್ಪತ್ರೆಯ ಹಾಸಿಗೆಯ ಮೇಲೆ ಮಲಗಿದ್ದವರು, ಸಂಜೆಯಾದರೆ ಎದ್ದು ಕೂತು, ಇಲ್ಲೇ ಇದ್ದೀನಿ ಎಂದು ಗಟ್ಟಿಯಾಗಿ ಹೇಳುತ್ತಿದ್ದರಂತೆ. ಯಾರಿಗೆ ಹೇಳುತ್ತಾರೆ ಎಂದು ಯಾರಿಗೂ ತಿಳಿಯಲಿಲ್ಲವಂತೆ.

ಚಹಾ ಕೊಟ್ಟು ಅವಳು ಕೇಳಿದಳು. ಆಯಿ ತನ್ನ ಊರಿನ ಬಗ್ಗೆ ಏನೂ ಹೇಳುತ್ತಿರಲಿಲ್ಲ, ಹುಬ್ಬಳ್ಳಿ ಎಂದಷ್ಟೇ. ಒಮ್ಮೆ ಹೋಗಿ ನೋಡಬೇಕು ಅಂತಿದೆ. ಹುಬ್ಬಳ್ಳಿಯಲ್ಲಿ ಎಲ್ಲಿ ಹುಟ್ಟಿದ್ದಳು, ನಿಮಗೇನಾದರೂ ಗೊತ್ತಾ?

ಈಗ ನನ್ನ ಮರಾಠಿ ಚೆನ್ನಾಗಿದೆ. ತಂತಿ, ಕಾಯ್ದೆ, ಹಾಜರಿ ಪುಸ್ತಕ, ಎಲ್ಲಕ್ಕೂ ಶಬ್ದ ಗೊತ್ತು. ಗೊತ್ತಿಲ್ಲ ಎಂದೆ.

ಈ ಸಲ ಮಾತು ಉಳಿಸಿಕೊಂಡೆ ಎಂದು ಬಸ್ಸಿನಲ್ಲಿ ಕೂತು ಅಂದುಕೊಂಡೆ. ಆದರೆ ಮಗಳಿಗೆ ಸೇರಬೇಕಾದದ್ದನ್ನು ನಾನು ಇಟ್ಟುಕೊಂಡು ಬಂದಿದ್ದೇನೆ. ಕೊಡಲೇ ಬೇಡವೇ ಎಂದು ಕೇಳಿ ಬರೋಣವೆಂದರೆ ಸಿಸ್ಟರ್ ಇಲ್ಲ.